ಬರಮಾಡಿಕೊಳ್ಳುವ ಕೈ

ಧಾರವಾಡದ ಕಡೆಯ ಒಂದು ಊರಿನಲ್ಲಿ ಮನೆ ಕಟ್ಟುವ ಕೆಲಸ ನಡೆದಿತ್ತು. ಬೆಳಗಿನ ಎಳೆಬಿಸಿಲು ಇನ್ನೂ ಗೋಡೆಯ ನೆತ್ತಿಯ ಮೇಲೆಯೇ ಇತ್ತು. ಬೀದಿಯಲ್ಲಿ ನಿಂತ ಲಾರಿಯಿಂದ ಇಟ್ಟಿಗೆಗಳು ಇಳಿಯುತ್ತಿದ್ದವು. ಲಾರಿಯಿಂದ ಗೋಡೆಯವರೆಗೆ ಏಳು ಮಂದಿ ಸಾಲಾಗಿ ನಿಂತಿದ್ದರು. ಒಬ್ಬರು ಎಸೆದುದನ್ನು ಇನ್ನೊಬ್ಬರು ಹಿಡಿಯುವರು. ಹಿಡಿದುದನ್ನು ಮುಂದಿನವರಿಗೆ ಎಸೆಯುವರು. ಮಗ್ಗದಲ್ಲಿ ಲಾಳಿ ಓಡಾಡುವಂತೆ ಇಟ್ಟಿಗೆಗಳು ಕೈಯಿಂದ ಕೈಗೆ ಸಾಗುತ್ತಿದ್ದವು.

ಆ ಸಾಲಿನ ನಡುವೆ ಅಂದೇ ಕೆಲಸಕ್ಕೆ ಸೇರಿದ ಒಬ್ಬ ತರುಣನಿದ್ದನು. ಇಪ್ಪತ್ತರ ಪ್ರಾಯ, ಗರಡಿಯಲ್ಲಿ ಪಳಗಿದಂಥ ಮೈಕಟ್ಟು. ಅವನ ಬಲಗಡೆಯಲ್ಲಿ ನಿಂತಿದ್ದವಳು ಒಬ್ಬ ಬಡಕಲು ಹೆಂಗಸು; ವಯಸ್ಸು ಐವತ್ತನ್ನು ದಾಟಿತ್ತು. ಒಂದು ಗಂಟೆ ಕಳೆಯುವುದರೊಳಗೆ ತರುಣನ ಅಂಗೈ ಕೆಂಪೇರಿತು, ಹೆಬ್ಬೆರಳಿನ ಬುಡ ಊದಿಕೊಂಡಿತು. ಪ್ರತಿಯೊಂದು ಇಟ್ಟಿಗೆಯೂ ಅವನ ಕೈಗೆ ಹೊಡೆದಂತೆ ಬಂದು ಬೀಳುತ್ತಿತ್ತು. ಆ ಹೆಂಗಸಾದರೋ ಪಕ್ಕದವರೊಡನೆ ಮನೆಯ ಕಷ್ಟಸುಖ ಮಾತನಾಡುತ್ತಲೇ ಹಿಡಿದು ಎಸೆಯುತ್ತಿದ್ದಳು. ಅವಳ ಕೈಗೆ ನೋವಾದಂತೆ ತೋರಲಿಲ್ಲ. ಇಬ್ಬರಿಗೂ ಬರುತ್ತಿದ್ದುದು ಅದೇ ಇಟ್ಟಿಗೆ, ಅದೇ ತೂಕ, ಅದೇ ವೇಗ. ಬಲಶಾಲಿಯಾದವನಿಗೆ ನೋವು, ಬಡಕಲು ದೇಹದವಳಿಗೆ ಸಲೀಸು. ಇದು ಹೇಗೆ?

ಗೋಡೆಯ ಬಳಿ ತೂಗುಗುಂಡು ಬಿಟ್ಟು ನೋಡುತ್ತಿದ್ದ ಮುದುಕ ಗೌಂಡಿ ಇದನ್ನು ಗಮನಿಸಿದನು. ಕೈಯ ಗಾರೆಯನ್ನು ಒರೆಸಿಕೊಳ್ಳುತ್ತ ತರುಣನ ಬಳಿಗೆ ಬಂದು ಹೇಳಿದನು:

“ಇಟ್ಟಂಗಿಗೆ ಎದುರು ನಿಲ್ಲಬ್ಯಾಡೋ ತಮ್ಮಾ. ಬೀಗರು ಬಂದ್ರ ಬಾಗಲದಾಗ ತಡದು ನಿಲ್ಲಸ್ತಾರೇನು? ಎದುರು ಹೋಗಿ, ಕೈ ಹಿಡದು, ಅವರ ಸಂಗಾಟ ನಾಕು ಹೆಜ್ಜಿ ಒಳಗ ಬರ್ತಾರ. ಇದನ್ನೂ ಹಂಗ ಬರಮಾಡಿಕೊ.”

ಹೀಗೆಂದು ತಾನೇ ಸಾಲಿನಲ್ಲಿ ನಿಂತು ತೋರಿಸಿದನು. ಇಟ್ಟಿಗೆ ಬರುವ ಮೊದಲೇ ಅವನ ಎರಡು ಕೈಗಳೂ ಮುಂದಕ್ಕೆ ಚಾಚಿದ್ದವು. ಇಟ್ಟಿಗೆ ಮುಟ್ಟಿದೊಡನೆ ಕೈಗಳು ಅದನ್ನು ತಡೆಯಲಿಲ್ಲ. ಅದರ ಜೊತೆಯಲ್ಲಿಯೇ ಹಿಂದಕ್ಕೆ ಸರಿದು, ಸೊಂಟದ ಬಳಿಗೆ ಬಂದು ಮೆಲ್ಲನೆ ನಿಂತವು. ಸದ್ದೇ ಆಗಲಿಲ್ಲ. ತರುಣನು ಹಾಗೆಯೇ ಮಾಡಿ ನೋಡಿದನು. ಮೂರು ನಾಲ್ಕು ಸಲ ತಪ್ಪಿತು, ಆಮೇಲೆ ಒಗ್ಗಿತು.

ಆ ಗೌಂಡಿ ಶಾಲೆಯಲ್ಲಿ ಭೌತವಿಜ್ಞಾನವನ್ನು ಓದಿದವನಲ್ಲ. ಆದರೂ ಅವನ ಮಾತಿನಲ್ಲಿ ಆ ಶಾಸ್ತ್ರದ ಒಂದು ದೊಡ್ಡ ನಿಯಮ ಅಡಗಿತ್ತು. ಜನರ ಮಾತಿನಲ್ಲಿ ಒಂದರೊಡನೆ ಒಂದು ಕಲಸಿಹೋಗುವ ಮೂರು ಸಂಗತಿಗಳುಂಟು: ಬಲ, ಸಂವೇಗ, ಗುರುತ್ವ. ಇವು ಮೂರೂ ಬೇರೆ ಬೇರೆ. ಆದರೆ ಒಂದನ್ನು ಬಿಟ್ಟು ಒಂದಿಲ್ಲವೆನ್ನುವಷ್ಟು ನಂಟು ಅವುಗಳಿಗೆ. ಆ ನಂಟನ್ನು ತಿಳಿದವನು ಇಟ್ಟಿಗೆಯನ್ನು ನೋವಿಲ್ಲದೆ ಹಿಡಿಯಬಲ್ಲನು. ಅಷ್ಟೇ ಅಲ್ಲ, ಪ್ರಾಣವನ್ನೂ ಉಳಿಸಿಕೊಳ್ಳಬಲ್ಲನು.

ಮೊದಲು ಸಂವೇಗದ ವಿಚಾರ. ಊರಿನ ಜಾತ್ರೆಯಲ್ಲಿ ತೇರು ಎಳೆಯುವುದನ್ನು ನೋಡದವರಾರು? ನೂರಾರು ಜನ ಹಗ್ಗಕ್ಕೆ ಕೈಹಾಕಿ ಎಳೆದರೂ ತೇರು ಮೊದಲು ಮಿಸುಕುವುದಿಲ್ಲ. ಒಮ್ಮೆ ಹೊರಟಿತೆಂದರೆ ಆಮೆಯ ನಡಿಗೆಯೇ. ಚಿಕ್ಕ ಮಗುವೂ ಅದರೊಡನೆ ನಡೆದುಹೋಗಬಹುದು. ಆದರೆ ಅದನ್ನು ನಿಲ್ಲಿಸುವುದು ಸುಲಭವೆ? ಚಕ್ರದ ಅಡಿಗೆ ಮರದ ದಿಮ್ಮಿಗಳನ್ನು ಕೊಟ್ಟು ನಿಲ್ಲಿಸಬೇಕು. ಅದಕ್ಕೆ ಅಡ್ಡವಾಗಿ ನಿಲ್ಲುವ ಸಾಹಸವನ್ನು ಯಾರೂ ಮಾಡಲಾರರು. ಇನ್ನೊಂದು ಕಡೆ, ಕವಣೆಯಿಂದ ಹೊರಟ ಕಲ್ಲನ್ನು ನೋಡಬೇಕು. ಅದು ಹಿಡಿಯಷ್ಟು ಚಿಕ್ಕದು. ಆದರೂ ಅದಕ್ಕೆ ಅಡ್ಡ ನಿಲ್ಲಲು ಯಾರಿಗೂ ಧೈರ್ಯವಿಲ್ಲ. ತೇರಿಗೆ ರಾಶಿ ಬಹಳ, ವೇಗ ಕಡಿಮೆ. ಕವಣೆಕಲ್ಲಿಗೆ ರಾಶಿ ಕಡಿಮೆ, ವೇಗ ಬಹಳ. ಚಲಿಸುವ ವಸ್ತುವಿನ ರಾಶಿಯನ್ನು ಅದರ ವೇಗದಿಂದ ಗುಣಿಸಿದಾಗ ಬರುವ ಮೊತ್ತವೇ ಸಂವೇಗ. ಅದಕ್ಕೆ ಒಂದು ದಿಕ್ಕೂ ಉಂಟು. 1687ರಲ್ಲಿ ಪ್ರಕಟವಾದ ತನ್ನ ‘ಪ್ರಿನ್ಸಿಪಿಯ’ ಎಂಬ ಗ್ರಂಥದಲ್ಲಿ ಐಸಾಕ್ ನ್ಯೂಟನ್ ಇದನ್ನು ಚಲನೆಯ ಪರಿಮಾಣವೆಂದು ಕರೆದನು. ವಸ್ತುವಿನಲ್ಲಿ ಎಷ್ಟು ಚಲನೆ ತುಂಬಿದೆ ಎಂಬುದರ ಅಳತೆ ಅದು.

ಇನ್ನು ಬಲದ ವಿಚಾರ. “ಚೆಂಡು ಎಷ್ಟು ಬಲದಿಂದ ಬಂತು!” ಎಂದು ಜನ ಉದ್ಗರಿಸುವುದುಂಟು. ಮಾತಿಗೆ ಇದು ಸರಿ, ಶಾಸ್ತ್ರಕ್ಕೆ ಸರಿಯಲ್ಲ. ಹಾರಿ ಬರುವ ಚೆಂಡು ತನ್ನೊಳಗೆ ಬಲವನ್ನು ಕಟ್ಟಿಕೊಂಡು ಬರುವುದಿಲ್ಲ. ಅದು ಹೊತ್ತು ತರುವುದು ಸಂವೇಗವನ್ನು. ಚೆಂಡು ಕೈಗೋ ಗೋಡೆಗೋ ತಾಗಿದಾಗ, ಅದರ ಸಂವೇಗ ಬದಲಾಗತೊಡಗಿದಾಗ, ಬಡಿತದ ಬಲ ತಲೆದೋರುತ್ತದೆ. ಎರಡು ವಸ್ತುಗಳ ನಡುವಣ ವ್ಯವಹಾರವೇ ಬಲ. ಒಂಟಿಯಾಗಿ ಯಾವ ವಸ್ತುವೂ ಅದನ್ನು ಜೇಬಿನಲ್ಲಿಟ್ಟುಕೊಂಡಿರುವುದಿಲ್ಲ.

ಆ ಬಲ ಎಷ್ಟು ಎಂಬುದನ್ನು ನ್ಯೂಟನ್ನನ ಎರಡನೆಯ ನಿಯಮ ತಿಳಿಸುತ್ತದೆ. ಸಂವೇಗ ಎಷ್ಟು ಬದಲಾಯಿತು ಎಂಬುದನ್ನು, ಆ ಬದಲಾವಣೆಗೆ ಹಿಡಿದ ಕಾಲದಿಂದ ಭಾಗಿಸಿದರೆ ಬಲ ದೊರೆಯುತ್ತದೆ. ಸಾಲ ತೀರಿಸುವ ಲೆಕ್ಕದಂತೆ ಇದು. ನೂರು ರೂಪಾಯಿ ಸಾಲವನ್ನು ಒಂದೇ ಕಂತಿನಲ್ಲಿ ತೀರಿಸುವವನು ನೂರನ್ನೂ ಒಮ್ಮೆಗೇ ಎಣಿಸಬೇಕು. ಹತ್ತು ಕಂತು ಮಾಡಿಕೊಂಡವನು ಹತ್ತು ಹತ್ತಾಗಿ ಕೊಟ್ಟರೆ ಸಾಕು. ಸಾಲದ ಮೊತ್ತ ಇಬ್ಬರಿಗೂ ಒಂದೇ; ಒಂದು ಕಾಸೂ ಮಾಫಿಯಿಲ್ಲ. ಆದರೆ ಒಬ್ಬನ ಬೆನ್ನು ಮುರಿಯುತ್ತದೆ, ಇನ್ನೊಬ್ಬನದು ಮುರಿಯುವುದಿಲ್ಲ. ಸಂವೇಗವು ಸಾಲದ ಮೊತ್ತ. ಕಾಲವು ಕಂತುಗಳ ಸಂಖ್ಯೆ. ಬಲವು ಒಂದೊಂದು ಕಂತಿನ ಭಾರ. ಇಟ್ಟಿಗೆಯ ಸಾಲಿನಲ್ಲಿದ್ದ ಆ ಹೆಂಗಸು ಕಂತಿನಲ್ಲಿ ತೀರಿಸುತ್ತಿದ್ದಳು. ತರುಣನು ಒಂದೇ ಏಟಿಗೆ ತೀರಿಸಲು ಹೊರಟಿದ್ದನು. ನೋವಿನ ಗುಟ್ಟು ಇಷ್ಟೆ.

ಗುರುತ್ವವು ಈ ಲೆಕ್ಕದಲ್ಲಿ ಎಲ್ಲಿ ಬರುತ್ತದೆ? ಗುರುತ್ವವೂ ಒಂದು ಬಲವೇ. ಭೂಮಿಯು ಪ್ರತಿಯೊಂದು ವಸ್ತುವನ್ನೂ ತನ್ನ ಕೇಂದ್ರದ ಕಡೆಗೆ ಸೆಳೆಯುತ್ತದೆ. ಆ ಸೆಳೆತವೇ ವಸ್ತುವಿನ ತೂಕ. ಬಲವನ್ನು ಅಳೆಯುವ ಮಾನಕ್ಕೆ ನ್ಯೂಟನ್ ಎಂದೇ ಹೆಸರು. ನೂರು ಗ್ರಾಮಿನ ಒಂದು ಎಳೆಯ ಮಾವಿನಕಾಯಿಯನ್ನು ಅಂಗೈ ಮೇಲೆ ಇಟ್ಟುಕೊಂಡರೆ ಅದು ಕೈಯನ್ನು ಒತ್ತುವ ಬಲ ಹೆಚ್ಚುಕಡಿಮೆ 1 ನ್ಯೂಟನ್. 3 ಕಿಲೋಗ್ರಾಮಿನ ಇಟ್ಟಿಗೆಯನ್ನು ಭೂಮಿ ಸುಮಾರು 30 ನ್ಯೂಟನ್ ಬಲದಿಂದ ಸೆಳೆಯುತ್ತದೆ. ಇಟ್ಟಿಗೆ ಗೋಡೆಯ ಮೇಲೆ ಕುಳಿತಿರುವಾಗಲೂ ಈ ಸೆಳೆತ ಇದ್ದೇ ಇರುತ್ತದೆ. ಗೋಡೆಯು ಅಷ್ಟೇ ಬಲದಿಂದ ಅದನ್ನು ಮೇಲಕ್ಕೆ ಒತ್ತಿ ಹಿಡಿದಿರುವುದರಿಂದ ಲೆಕ್ಕ ಸರಿಹೋಗಿ ಇಟ್ಟಿಗೆ ಅಲುಗುವುದಿಲ್ಲ. ಗೋಡೆಯ ಆಸರೆ ತಪ್ಪಿತೋ, ಸೆಳೆತವೊಂದೇ ಉಳಿಯುತ್ತದೆ, ಸಂವೇಗ ಬೆಳೆಯತೊಡಗುತ್ತದೆ.

ಬೆಳೆಯುವ ಕ್ರಮವೂ ನಿಯತವಾದುದು. ಬೀಳುವ ವಸ್ತುವಿನ ವೇಗ ಒಂದೊಂದು ಸೆಕೆಂಡಿಗೂ ಸುಮಾರು 9.8 ಮೀಟರಿನಂತೆ ಏರುತ್ತದೆ. ಲೆಕ್ಕದ ಅನುಕೂಲಕ್ಕಾಗಿ ಇದನ್ನು 10 ಎಂದು ಹಿಡಿಯುವುದುಂಟು. ಭಾರವಾದ ವಸ್ತು ಬೇಗ ಬೀಳುತ್ತದೆ, ಹಗುರವಾದುದು ನಿಧಾನವಾಗಿ ಬೀಳುತ್ತದೆ ಎಂದು ಪ್ರಾಚೀನ ಗ್ರೀಸಿನ ಅರಿಸ್ಟಾಟಲನ ಕಾಲದಿಂದ ಜನ ನಂಬಿದ್ದರು. ಇಟಲಿಯ ಗೆಲಿಲಿಯೋ ಇದನ್ನು ಒಪ್ಪಲಿಲ್ಲ. ನೇರವಾಗಿ ಬೀಳುವ ವಸ್ತುವಿನ ವೇಗವನ್ನು ಅಳೆಯಲು ಆಗ ತಕ್ಕ ಗಡಿಯಾರವಿರಲಿಲ್ಲ. ಆದುದರಿಂದ ಆತನು ಇಳಿಜಾರಾದ ಹಲಗೆಯ ಕೊರಕಲಿನಲ್ಲಿ ಕಂಚಿನ ಗುಂಡನ್ನು ಉರುಳಬಿಟ್ಟು ಬೀಳುವಿಕೆಯನ್ನೇ ನಿಧಾನಗೊಳಿಸಿದನು. ಪಾತ್ರೆಯ ಸಣ್ಣ ತೂತಿನಿಂದ ಸುರಿದ ನೀರನ್ನು ತೂಗಿ ಕಾಲವನ್ನು ಅಳೆದನು. ಈ ಪ್ರಯೋಗದ ವಿವರ 1638ರಲ್ಲಿ ಪ್ರಕಟವಾದ ಆತನ ಗ್ರಂಥದಲ್ಲಿದೆ. ಗಾಳಿಯ ಅಡ್ಡಿಯೊಂದಿಲ್ಲದಿದ್ದರೆ ಭಾರವಾದುದೂ ಹಗುರವಾದುದೂ ಒಟ್ಟಿಗೆ ಬೀಳುತ್ತವೆಂಬುದು ಆತನ ನಿರ್ಣಯ. 1971ರಲ್ಲಿ ಅಪೊಲೋ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಗಾಳಿಯಿಲ್ಲದ ಚಂದ್ರನ ನೆಲದ ಮೇಲೆ ನಿಂತು ಒಂದು ಸುತ್ತಿಗೆಯನ್ನೂ ಒಂದು ಹಕ್ಕಿಯ ಗರಿಯನ್ನೂ ಒಟ್ಟಿಗೆ ಕೈಬಿಟ್ಟನು. ಎರಡೂ ಒಟ್ಟಿಗೆ ನೆಲ ಮುಟ್ಟಿದವು.

ಕಾರಣ ಸರಳವಾಗಿದೆ. ಭಾರವಾದ ವಸ್ತುವನ್ನು ಭೂಮಿ ಹೆಚ್ಚು ಬಲದಿಂದ ಸೆಳೆಯುತ್ತದೆ, ನಿಜ. ಆದರೆ ಅದನ್ನು ಕದಲಿಸುವುದಕ್ಕೂ ಅಷ್ಟೇ ಹೆಚ್ಚು ಬಲ ಬೇಕು. ಎರಡು ಇಟ್ಟಿಗೆಗೆ ಎರಡು ಪಾಲು ಸೆಳೆತ, ಎರಡು ಪಾಲು ಜಡತ್ವ. ಆದುದರಿಂದ ವೇಗದಲ್ಲಿ ಭೇದವಿಲ್ಲ. ಭೇದವಿರುವುದು ಸಂವೇಗದಲ್ಲಿ. ಸುತ್ತಿಗೆಯೂ ಗರಿಯೂ ಒಂದೇ ವೇಗದಿಂದ ಬಂದರೂ ಕಾಲ ಮೇಲೆ ಬಿದ್ದಾಗ ಎರಡೂ ಒಂದೇ ಆಗುವುದಿಲ್ಲವಷ್ಟೆ.

ಮಧ್ಯಾಹ್ನದ ಊಟವಾದ ಮೇಲೆ ತರುಣನಿಗೆ ಮೇಲಂತಸ್ತಿನಲ್ಲಿ ಕೆಲಸ ಬಂದಿತು. ಕೆಳಗೆ ಗೌಂಡಿ ನಿಂತನು, ಮೇಲೆ ತರುಣ. ಇಬ್ಬರ ಕೈಗಳ ನಡುವೆ ಸುಮಾರು 3 ಮೀಟರ್ ಅಂತರ. ಮೇಲಕ್ಕೆ ಎಸೆದ ಇಟ್ಟಿಗೆಯನ್ನು ಹಿಡಿಯುವುದು ಇನ್ನೂ ಕಷ್ಟವಾದೀತೆಂದು ತರುಣನು ಹಲ್ಲುಕಚ್ಚಿ ಕೈಚಾಚಿದನು. ಆದರೆ ಆಶ್ಚರ್ಯ! ಗೌಂಡಿ ಎಸೆದ ಇಟ್ಟಿಗೆ ಮೇಲೇರುತ್ತ ಏರುತ್ತ ನಿಧಾನವಾಗಿ, ತರುಣನ ಕೈಗಳ ಮಟ್ಟಕ್ಕೆ ಬಂದಾಗ ಒಂದು ಕ್ಷಣ ಗಾಳಿಯಲ್ಲಿ ನಿಂತಿತು. ಕಪಾಟಿನಿಂದ ಪುಸ್ತಕವನ್ನು ತೆಗೆದುಕೊಂಡಂತೆ ತರುಣನು ಅದನ್ನು ತೆಗೆದುಕೊಂಡನು. ಎರಡನೆಯ ಇಟ್ಟಿಗೆಯೂ ಹಾಗೆಯೇ ಬಂದಿತು, ನೂರನೆಯದೂ ಹಾಗೆಯೇ.

ಇಲ್ಲಿ ಇಟ್ಟಿಗೆಯ ಸಂವೇಗವನ್ನು ತೆಗೆದುಕೊಂಡುದು ತರುಣನ ಕೈಯಲ್ಲ; ಭೂಮಿ. ಸೆಕೆಂಡಿಗೆ 8 ಮೀಟರಿಗೆ ತುಸು ಕಡಿಮೆ ವೇಗದಿಂದ ಗೌಂಡಿಯ ಕೈಬಿಟ್ಟ ಇಟ್ಟಿಗೆಯನ್ನು ಭೂಮಿ ಕೆಳಕ್ಕೆ ಸೆಳೆಯುತ್ತಲೇ ಇತ್ತು. ಮುಕ್ಕಾಲು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಕಾಲದಲ್ಲಿ ಅದರ ಸಂವೇಗವೆಲ್ಲ ಕರಗಿತು. ಬೀಳುವಾಗ ಸಂವೇಗವನ್ನು ಕೊಡುವ ಗುರುತ್ವವೇ ಏರುವಾಗ ಅದನ್ನು ಹಿಂದಕ್ಕೆ ಪಡೆಯುತ್ತದೆ. ಎಷ್ಟು ಎತ್ತರಕ್ಕೆ ಎಷ್ಟು ವೇಗ ಬೇಕೆಂಬುದನ್ನು ಗೌಂಡಿ ಲೆಕ್ಕ ಹಾಕಿರಲಿಲ್ಲ. ನಲವತ್ತು ವರ್ಷಗಳ ಅಭ್ಯಾಸ ಅವನ ತೋಳಿಗೆ ಆ ಲೆಕ್ಕವನ್ನು ಕಲಿಸಿತ್ತು.

ಸಂಜೆಗೆ ಸ್ವಲ್ಪ ಮೊದಲು ಒಂದು ಅಚಾತುರ್ಯ ನಡೆಯಿತು. ಅಟ್ಟಣಿಗೆಯ ಮೇಲೆ ಒಟ್ಟಿದ್ದ ಇಟ್ಟಿಗೆಗಳಲ್ಲಿ ಎರಡು ಜಾರಿ 5 ಮೀಟರ್ ಕೆಳಕ್ಕೆ ಬಿದ್ದವು. ದೈವವಶದಿಂದ ಕೆಳಗೆ ಯಾರೂ ಇರಲಿಲ್ಲ. ಒಂದು ಇಟ್ಟಿಗೆ ಮರಳಿನ ಗುಡ್ಡೆಯ ಮೇಲೆ ಬಿದ್ದು ಅರ್ಧ ಹೂತುಕೊಂಡಿತು; ತೆಗೆದು ಕೊಡಹಿದರೆ ಒಂದು ಬಿರುಕೂ ಇರಲಿಲ್ಲ. ಇನ್ನೊಂದು ಚಪ್ಪಡಿಕಲ್ಲಿನ ಮೇಲೆ ಬಿದ್ದು ಚೂರುಚೂರಾಯಿತು.

ಈ ಎರಡು ಇಟ್ಟಿಗೆಗಳ ಲೆಕ್ಕವನ್ನು ಮಾಡಿ ನೋಡುವುದು ಒಳ್ಳೆಯದು. 5 ಮೀಟರ್ ಬೀಳುವುದಕ್ಕೆ ಹಿಡಿಯುವ ಕಾಲ 1 ಸೆಕೆಂಡು. ಆಗಿನ ವೇಗ ಸೆಕೆಂಡಿಗೆ 10 ಮೀಟರ್. ರಾಶಿ 3 ಕಿಲೋಗ್ರಾಂ ಆದುದರಿಂದ ಸಂವೇಗ 30. ಭೂಮಿಯು 30 ನ್ಯೂಟನ್ ಬಲವನ್ನು 1 ಸೆಕೆಂಡಿನ ಕಾಲ ಪ್ರಯೋಗಿಸಿ ಇದನ್ನು ಕೂಡಿಹಾಕಿತು. ಈಗ ಕೆಳಗಿರುವ ವಸ್ತು ಈ 30ನ್ನೂ ಇಲ್ಲದಂತೆ ಮಾಡಬೇಕು. ಹತ್ತನೆಯ ಒಂದು ಸೆಕೆಂಡಿನಲ್ಲಿ ಮಾಡಿದರೆ 300 ನ್ಯೂಟನ್ ಬಲ ಬೇಕು; ನೂರನೆಯ ಒಂದು ಸೆಕೆಂಡಿನಲ್ಲಿ ಮಾಡಿದರೆ 3,000 ನ್ಯೂಟನ್. ಇಟ್ಟಿಗೆಯ ಸ್ವಂತ ತೂಕವನ್ನು ಹೊರುವ 30 ನ್ಯೂಟನ್ ಇದರ ಮೇಲೆ ಸೇರಬೇಕು. ಇಂಥ ದೊಡ್ಡ ಮೊತ್ತದ ಮುಂದೆ ಅದು ಅಲ್ಪವೇ. ಮರಳು ಸರಿದು ಜಾಗ ಕೊಟ್ಟಿತು; ಜಾಗದ ಜೊತೆಗೆ ಕಾಲವನ್ನೂ ಕೊಟ್ಟಿತು. ಚಪ್ಪಡಿಕಲ್ಲು ಜಾಗವನ್ನೂ ಕೊಡಲಿಲ್ಲ, ಕಾಲವನ್ನೂ ಕೊಡಲಿಲ್ಲ. ಬೀಳುವಿಕೆ ಎರಡಕ್ಕೂ ಒಂದೇ ಆಗಿತ್ತು, ನಿಲ್ಲುವಿಕೆ ಬೇರೆಯಾಗಿತ್ತು. ಇಟ್ಟಿಗೆಯನ್ನು ಒಡೆದುದು ಬಿದ್ದುದಲ್ಲ, ಥಟ್ಟನೆ ನಿಂತುದು.

“ಬೀಳುವ ವಸ್ತುವಿನ ಬಲ ಎಷ್ಟು?” ಎಂಬ ಪ್ರಶ್ನೆಗೆ ಉತ್ತರ ದೊರೆಯದಿರುವುದು ಈ ಕಾರಣದಿಂದಲೇ. ಅದು ಬೀಳುತ್ತಿರುವಾಗ ಅದರ ಮೇಲೆ ಭೂಮಿಯ ಸೆಳೆತವೆಷ್ಟು ಎಂದು ಹೇಳಬಹುದು. ನೆಲ ಮುಟ್ಟುವಾಗ ಸಂವೇಗವೆಷ್ಟು ಎಂದೂ ಹೇಳಬಹುದು. ಆದರೆ ಬಡಿತದ ಬಲವೆಷ್ಟೆಂದು ಹೇಳಬೇಕಾದರೆ ಅದು ಯಾವುದರ ಮೇಲೆ ಬಿತ್ತು, ನಿಲ್ಲಲು ಎಷ್ಟು ಹೊತ್ತು ಹಿಡಿಯಿತು ಎಂಬುದು ಗೊತ್ತಿರಬೇಕು.

ಪ್ರಕೃತಿಗೆ ಈ ಗುಟ್ಟು ಎಂದೋ ತಿಳಿದಿದೆ. ತೆಂಗಿನ ಮರದ ತಲೆಯಿಂದ, 20 ಮೀಟರ್ ಎತ್ತರದಿಂದ, ಒಂದೂವರೆ ಕಿಲೋಗ್ರಾಮಿನ ಕಾಯಿ ಬಿದ್ದರೆ 2 ಸೆಕೆಂಡುಗಳಲ್ಲಿ ನೆಲವನ್ನು ಮುಟ್ಟುತ್ತದೆ. ಆಗ ಅದರ ವೇಗ ಸೆಕೆಂಡಿಗೆ ಸುಮಾರು 20 ಮೀಟರ್. ಸಂವೇಗ, ಅಟ್ಟಣಿಗೆಯಿಂದ ಬಿದ್ದ ಇಟ್ಟಿಗೆಯಂತೆಯೇ, 30. ಇಷ್ಟಾದರೂ ಸಿಪ್ಪೆಯೊಡನೆ ಬಿದ್ದ ಕಾಯಿ ಸಾಮಾನ್ಯವಾಗಿ ಒಡೆಯುವುದಿಲ್ಲ. ಅದೇ ಕಾಯಿಯನ್ನು ಸುಲಿದು, ದೇವಸ್ಥಾನದ ಮುಂದಿನ ಕಲ್ಲಿಗೆ ಈಡುಗಾಯಿಯಾಗಿ ಅಪ್ಪಳಿಸಿದರೆ ಒಂದೇ ಏಟಿಗೆ ಹೋಳಾಗುತ್ತದೆ. ಚಿಪ್ಪು ಎರಡು ಸಲವೂ ಅದೇ. ಭೇದವಿರುವುದು ನಾರಿನಲ್ಲಿ. ಎರಡು ಮೂರು ಬೆರಳು ದಪ್ಪದ ಆ ನಾರು ನೆಲಕ್ಕೆ ತಾಗಿದಾಗ ಕುಗ್ಗುತ್ತದೆ. ಕುಗ್ಗುತ್ತ ಕುಗ್ಗುತ್ತ ಒಳಗಿನ ಚಿಪ್ಪಿಗೆ ನಿಲ್ಲಲು ಸ್ವಲ್ಪ ಹೊತ್ತನ್ನು ಒದಗಿಸುತ್ತದೆ. ಕಣ್ಣುರೆಪ್ಪೆ ಮಿಟುಕಿಸುವುದಕ್ಕಿಂತ ಕಡಿಮೆಯಾದ ಆ ಹೊತ್ತೇ ಕಾಯಿಯನ್ನು ಉಳಿಸುತ್ತದೆ.

ಜನರೂ ಇದನ್ನು ಅನುಭವದಿಂದ ಕಲಿತಿದ್ದಾರೆ. ಗರಡಿಯ ಕೆಮ್ಮಣ್ಣನ್ನು ಪೈಲ್ವಾನರು ಅಗೆದು ಸಡಿಲಗೊಳಿಸುವುದು ಎದುರಾಳಿಯ ಬೆನ್ನನ್ನು ಬರಮಾಡಿಕೊಳ್ಳುವುದಕ್ಕಾಗಿಯೇ. ಉದ್ದ ಜಿಗಿತದ ಹೊಂಡಕ್ಕೆ ಮರಳು ತುಂಬುವುದೂ ಅದಕ್ಕಾಗಿಯೇ. ಗೋಡೆಯಿಂದ ಧುಮುಕುವ ಹುಡುಗನು ಯಾರೂ ಹೇಳಿಕೊಡದೆಯೇ ಮೊಣಕಾಲನ್ನು ಮಡಿಸುತ್ತಾನೆ. ಗಾಜಿನ ಸಾಮಾನನ್ನು ಕಳುಹಿಸುವವರು ಪೆಟ್ಟಿಗೆಯಲ್ಲಿ ಹುಲ್ಲನ್ನು ತುಂಬುತ್ತಾರೆ. ಎಲ್ಲಕ್ಕೂ ಉದ್ದೇಶ ಒಂದೇ: ಸಂವೇಗವನ್ನು ಕಡಿಮೆ ಮಾಡಲಾಗದಿದ್ದರೆ, ಅದು ಕಳೆಯುವ ಕಾಲವನ್ನು ಹೆಚ್ಚಿಸುವುದು.

ಮಳೆಯ ಹನಿಯ ಮಟ್ಟಿಗಾದರೆ ಇನ್ನೊಂದು ಬಗೆಯ ಉಪಕಾರ ನಡೆಯುತ್ತದೆ. 2,000 ಮೀಟರ್ ಎತ್ತರದ ಮೋಡದಿಂದ ಬೀಳುವ ಹನಿಗೆ ಗಾಳಿಯ ಅಡ್ಡಿಯಿಲ್ಲದಿದ್ದರೆ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ 700 ಕಿಲೋಮೀಟರಿಗಿಂತ ಹೆಚ್ಚಾಗಬೇಕಿತ್ತು. ಮಳೆಯಲ್ಲಿ ನೆನೆಯುವ ಮಾತೇ ಇರುತ್ತಿರಲಿಲ್ಲ. ಬೆಳೆದ ಪೈರು ಉಳಿಯುತ್ತಿರಲಿಲ್ಲ. ಆದರೆ ವೇಗ ಏರಿದಂತೆಲ್ಲ ಗಾಳಿಯ ತಡೆಯೂ ಏರುತ್ತದೆ. ಅದು ಹನಿಯ ತೂಕಕ್ಕೆ ಸಮನಾದಾಗ ವೇಗದ ಏರಿಕೆ ನಿಲ್ಲುತ್ತದೆ. ದೊಡ್ಡ ಹನಿಯೂ ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಿಂದ ಬಂದು ಎಲೆಯ ಮೇಲೆ ಕೂರುತ್ತದೆ.

ಬೀಳುವುದು ಎಂದರೆ ಮೇಲಿನಿಂದ ಕೆಳಕ್ಕೆ ಮಾತ್ರ ಎಂದು ತಿಳಿಯಬಾರದು. ಮೋಟಾರು ಸೈಕಲ್ಲಿನ ಮೇಲೆ ಗಂಟೆಗೆ 36 ಕಿಲೋಮೀಟರ್ ವೇಗದಿಂದ ಹೋಗುವವನು ಸೆಕೆಂಡಿಗೆ 10 ಮೀಟರ್ ಸಾಗುತ್ತಿರುತ್ತಾನೆ. 5 ಮೀಟರ್ ಎತ್ತರದಿಂದ ಬಿದ್ದ ಇಟ್ಟಿಗೆಯ ವೇಗವೂ ಇಷ್ಟೇ. ಅಂದರೆ, ಆ ವೇಗದಿಂದ ಹೋಗಿ ಗೋಡೆಗೆ ತಾಗುವುದೂ ಒಂದೇ, 5 ಮೀಟರ್ ಎತ್ತರದ ಮಾಳಿಗೆಯಿಂದ ನೆಲಕ್ಕೆ ಬೀಳುವುದೂ ಒಂದೇ. ವೇಗ ಎರಡು ಪಟ್ಟಾದರೆ ಎತ್ತರ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 72 ಕಿಲೋಮೀಟರ್ ವೇಗದವನು 20 ಮೀಟರಿನ ತೆಂಗಿನ ಮರದ ತುದಿಯಲ್ಲಿ ಕುಳಿತಿರುವವನಿಗೆ ಸಮಾನ. ಮಾಳಿಗೆಯ ಅಂಚಿನಲ್ಲಿ ನಿಂತಾಗ ಕಾಲು ನಡುಗುತ್ತದೆ. ಬಯಲು ರಸ್ತೆಯಲ್ಲಿ ವೇಗವಾಗಿ ಹೋಗುವಾಗ ನಡುಗುವುದಿಲ್ಲ. ಎತ್ತರ ಕಣ್ಣಿಗೆ ಕಾಣುತ್ತದೆ, ಸಂವೇಗ ಕಾಣುವುದಿಲ್ಲ. ಅಪಾಯವಿರುವುದು ಈ ಕಾಣದಿರುವಿಕೆಯಲ್ಲಿ. ಓಡುತ್ತಿರುವ ಬಸ್ಸಿನಿಂದ ಧುಮುಕುವ ವಿದ್ಯಾರ್ಥಿಯ ಪಾದವನ್ನು ನೆಲ ತಡೆದು ನಿಲ್ಲಿಸುತ್ತದೆ. ಅವನ ದೇಹದ ಉಳಿದ ಭಾಗವಾದರೋ ಬಸ್ಸಿನ ಸಂವೇಗವನ್ನು ಹೊತ್ತು ಮುಂದಕ್ಕೆ ಹೋಗುತ್ತದೆ. ಅವನು ಮುಗ್ಗರಿಸುವುದು ಎಚ್ಚರ ತಪ್ಪಿದುದರಿಂದಲ್ಲ, ಅದು ನಿಯಮ.

1935ರ ಮೇ ತಿಂಗಳಿನಲ್ಲಿ ಇಂಗ್ಲೆಂಡಿನ ಡಾರ್ಸೆಟ್ ಪ್ರಾಂತದ ಒಂದು ರಸ್ತೆಯಲ್ಲಿ ಟಿ. ಇ. ಲಾರೆನ್ಸ್ ಮೋಟಾರು ಸೈಕಲ್ಲಿನ ಮೇಲೆ ಹೋಗುತ್ತಿದ್ದನು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅರಬ್ ನಾಡಿನಲ್ಲಿ ಹೋರಾಡಿ ಪ್ರಸಿದ್ಧನಾದವನು ಅವನು. ಸೈಕಲ್ಲಿನ ಮೇಲೆ ಹೋಗುತ್ತಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ರಸ್ತೆಗೆ ಬಿದ್ದನು. ಅವನ ತಲೆಗೆ ಯಾವ ಕವಚವೂ ಇರಲಿಲ್ಲ. ಆರು ದಿನಗಳ ಮೇಲೆ ಅವನು ತೀರಿಕೊಂಡನು. ಮರುಭೂಮಿಯ ಯುದ್ಧಗಳಲ್ಲಿ ಉಳಿದು ಬಂದ ತಲೆಯನ್ನು ಒಂದು ಹಳ್ಳಿಗಾಡಿನ ರಸ್ತೆ ಒಡೆಯಿತು. ಅವನಿಗೆ ಚಿಕಿತ್ಸೆ ಮಾಡಲು ಬಂದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮಿದುಳಿನ ಶಸ್ತ್ರವೈದ್ಯನಿದ್ದನು. ಆ ಸಾವು ಅವನ ಮನಸ್ಸನ್ನು ಕಲಕಿತು. ಎರಡನೆಯ ಮಹಾಯುದ್ಧ ಪ್ರಾರಂಭವಾದಾಗ ಸೇನೆಯ ಸುದ್ದಿಯನ್ನು ಒಯ್ಯುವ ಮೋಟಾರು ಸೈಕಲ್ ಸವಾರರು ತಲೆಗೆ ಪೆಟ್ಟಾಗಿ ಸಾಯುತ್ತಿರುವುದನ್ನು ಕಂಡು, ಅಂಥ ಗಾಯಗಳನ್ನೂ ಶಿರಸ್ತ್ರಾಣ ಧರಿಸಿ ಉಳಿದವರನ್ನೂ ಪರಿಶೀಲಿಸಿ, 1941ರಲ್ಲಿ ತನ್ನ ಮೊದಲ ಲೇಖನವನ್ನು ಪ್ರಕಟಿಸಿದನು. ಶಿರಸ್ತ್ರಾಣವು ಪ್ರಾಣವನ್ನು ಉಳಿಸುತ್ತದೆಂಬುದು ಅದರ ಸಾರ. ಬ್ರಿಟಿಷ್ ಸೇನೆ ತನ್ನ ಸವಾರರಿಗೆ ಅದನ್ನು ಕಡ್ಡಾಯ ಮಾಡಿತು. ಭಾರತದಲ್ಲಿ 1988ರ ಮೋಟಾರು ವಾಹನ ಕಾಯಿದೆಯು ದ್ವಿಚಕ್ರ ವಾಹನದ ಸವಾರರು ಶಿರಸ್ತ್ರಾಣವನ್ನು ಧರಿಸಬೇಕೆಂದು ವಿಧಿಸಿದೆ.

ಹೆಲ್ಮೆಟ್ಟಿನ ಗಟ್ಟಿ ಚಿಪ್ಪೇ ತಲೆಯನ್ನು ಕಾಯುತ್ತದೆ ಎಂದು ಅನೇಕರು ತಿಳಿದಿರುತ್ತಾರೆ. ಚಿಪ್ಪಿನ ಕೆಲಸ ಅರ್ಧ ಮಾತ್ರ. ಅದು ಪೆಟ್ಟನ್ನು ಹರಡುತ್ತದೆ, ಚೂಪಾದುದು ಒಳನುಗ್ಗದಂತೆ ತಡೆಯುತ್ತದೆ. ಉಳಿದ ಅರ್ಧವನ್ನು ಮಾಡುವುದು ಅದರ ಒಳಗಿರುವ ಥರ್ಮೋಕೋಲಿನಂಥ ಹಗುರವಾದ ಪದರ. ತಲೆ ನೆಲಕ್ಕೆ ಬಡಿದಾಗ ಆ ಪದರ ಜಜ್ಜಿಹೋಗುತ್ತದೆ. ಜಜ್ಜಿಹೋಗುತ್ತ ತಲೆಗೆ ನಿಲ್ಲಲು ಒಂದಿಷ್ಟು ಜಾಗವನ್ನೂ ಒಂದಿಷ್ಟು ಕಾಲವನ್ನೂ ಕೊಡುತ್ತದೆ. ತೆಂಗಿನಕಾಯಿಗೆ ನಾರು ಹೇಗೋ ತಲೆಗೆ ಈ ಪದರ ಹಾಗೆ. ಒಮ್ಮೆ ಬಲವಾದ ಪೆಟ್ಟು ತಿಂದ ಹೆಲ್ಮೆಟ್ಟನ್ನು ಮತ್ತೆ ಬಳಸಬಾರದೆಂದು ಹೇಳುವುದು ಇದಕ್ಕಾಗಿಯೇ. ಹೊರಗೆ ನೆಟ್ಟಗಿದ್ದರೂ ಒಳಗಿನ ಪದರ ತನ್ನ ಕೆಲಸವನ್ನು ಮುಗಿಸಿರುತ್ತದೆ. ಪಟ್ಟಿಯನ್ನು ಬಿಗಿಯದ ಹೆಲ್ಮೆಟ್ ಬೀಳುವ ಮೊದಲೇ ಹಾರಿಹೋಗಬಹುದು. ಹಿಡಿಯಬೇಕಾದ ಹೊತ್ತಿಗೆ ಕೈಯೇ ಇಲ್ಲದಂತಾಗುತ್ತದೆ. ಸವಾರನ ತಲೆ ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿರುತ್ತದೆ. ನಿಂತ ವಾಹನದಿಂದ ಉರುಳಿದರೂ ತಲೆಯು ಗಂಟೆಗೆ 20 ಕಿಲೋಮೀಟರಿನಷ್ಟು ವೇಗದಿಂದ ನೆಲಕ್ಕೆ ಬಡಿಯಬಹುದು. “ಇಲ್ಲೇ ಹತ್ತಿರ, ನಿಧಾನವಾಗಿ ಹೋಗುತ್ತೇನೆ” ಎಂಬ ಮಾತನ್ನು ಗುರುತ್ವ ಕೇಳಿಸಿಕೊಳ್ಳುವುದಿಲ್ಲ.

ಅಂದು ಸಂಜೆ ಕೆಲಸ ಮುಗಿಯಿತು. ಕೆಲಸಗಾರರು ಕೈಕಾಲು ತೊಳೆದುಕೊಂಡು ಒಬ್ಬೊಬ್ಬರಾಗಿ ಹೊರಟರು. ತರುಣನು ಬೇವಿನ ಮರದ ಕೆಳಗೆ ನಿಲ್ಲಿಸಿದ್ದ ತನ್ನ ಮೋಟಾರು ಸೈಕಲ್ಲನ್ನು ಹೊರಕ್ಕೆ ತೆಗೆದನು. ಅಂಗೈಯ ಕೆಂಪು ಇನ್ನೂ ಆರಿರಲಿಲ್ಲ. ಆದರೆ ಮೊದಲ ದಿನದ ಕೂಲಿ ಜೇಬಿನಲ್ಲಿದ್ದ ಸಂತೋಷ ಅವನ ಮುಖದಲ್ಲಿತ್ತು. ಹೆಲ್ಮೆಟ್ಟು ಕನ್ನಡಿಯ ಕಂಬಿಗೆ ತೂಗುಹಾಕಿಕೊಂಡಿತ್ತು. ಅವನು ಗಾಡಿಯನ್ನು ಚಾಲೂ ಮಾಡಿ ಹೊರಡುವಷ್ಟರಲ್ಲಿ ಗೌಂಡಿ ಅಡ್ಡ ಬಂದನು. ಏನೂ ಹೇಳದೆ ಹೆಲ್ಮೆಟ್ಟನ್ನು ಕಂಬಿಯಿಂದ ತೆಗೆದು, ಅದರ ಮೇಲಿನ ಧೂಳನ್ನು ಹೆಗಲ ವಸ್ತ್ರದಿಂದ ಒರೆಸಿ, ಅವನ ಕೈಗೆ ಕೊಟ್ಟನು.

“ಇಟ್ಟಂಗಿ ಹಿಡ್ಯಾಕ ನಿನ್ನ ಕೈ ಅದಾವು. ನಿನ್ನ ತಲಿ ಹಿಡ್ಯಾಕ ಯಾರದಾರೋ ತಮ್ಮಾ?” ಎಂದನು.

ತರುಣನು ನಕ್ಕನು. ಆಮೇಲೆ ತನ್ನ ಕೆಂಪಾದ ಅಂಗೈಯನ್ನು ಒಮ್ಮೆ ನೋಡಿಕೊಂಡನು. ಹೆಲ್ಮೆಟ್ಟನ್ನು ತಲೆಗೆ ಹಾಕಿಕೊಂಡು, ಗದ್ದದ ಕೆಳಗೆ ಪಟ್ಟಿಯನ್ನು ಬಿಗಿದು, ಮನೆಯ ದಾರಿಯನ್ನು ಹಿಡಿದನು.